ಪೂರ್ತಿ ವಿಳಾಸ

ಬೀಗರು ಮದುವೆಯಾಗುತ್ತಿದ್ದಾರೆ ಎಂಬ ಸುದ್ದಿ ಆ ಮನೆಗೆ ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ಎಲ್ಲರೂ ಬಟಾಣಿ ಸೂಪಿನ ಮುಂದೆ ಕೂತಿದ್ದಾಗ. ಬೀಗರೆಂದರೆ ಸೊಸೆಯ ಅಪ್ಪ. ಎಪ್ಪತ್ತು ದಾಟಿದವರು, ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಇರುವುದು ಸಮುದ್ರದಾಚೆಯ ದೇಶದಲ್ಲಿ. ಸೊಸೆ ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದಳು. ಬೀಗರಿಗೆ ಫೋನು ಹಿಡಿಯಲು ಬರದೆ, ಪರದೆಯ ತುಂಬ ಅವರ ಮೂಗೇ ಕಾಣುತ್ತಿತ್ತು.

“ಹುಡುಗಿ ಯಾರು ಬೀಗ್ರೇ?” ಎಂದು ಮಾವ ಕೇಳಿದರು. ಹಿಂದೆ ಟ್ರಾಮಿನಲ್ಲಿ ಕಂಡಕ್ಟರಾಗಿದ್ದವರು. ಈಗ ಮನೆಯ ಅಡುಗೆಯೆಲ್ಲ ಅವರದೇ.

“ಹುಡುಗಿ ಅಂತೆ! ಪಕ್ಕದ ಮನೆಯಾಕೆ, ಕಿಟಕಿ ಪರದೆ ಹೊಲೀತಾಳೆ. ನನ್ನ ಅಂಗಿಗೆ ಗುಂಡಿ ಹಾಕಿ ಕೊಡ್ತಿದ್ಲು. ಪದೇಪದೇ ಹೋಗೋಕೆ ನೆಪ ಬೇಕಲ್ಲ, ಇದ್ದ ಗುಂಡೀನೆಲ್ಲ ನಾನೇ ಕಿತ್ತು ಕಿತ್ತು ಕೊಟ್ಟೆ. ಕೊನೆಗೆ ಅವಳಿಗೇ ಅನುಮಾನ ಬಂತು.”

ಎಲ್ಲರೂ ನಕ್ಕರು. ಒಂಬತ್ತು ವರ್ಷದ ಮೊಮ್ಮಗಳು, ಗುಬ್ಬಿ ಎಂದು ಕರೆಸಿಕೊಳ್ಳುವವಳು, “ಅಜ್ಜನ ಮದುವೇಲಿ ನಾನು ಕುಣೀಬಹುದಾ?” ಎಂದು ಕೇಳಿದಳು.

“ನೀನು ಕುಣೀದಿದ್ರೆ ಮದುವೇನೇ ಇಲ್ಲ,” ಎಂದರು ಬೀಗರು. ಆಮೇಲೆ ಅವರ ದನಿ ಬದಲಾಯಿತು. “ಮಗಳೇ, ನೀನು ಬರ್ಬೇಕು. ಬೇಸಿಗೆ ಮುಗಿಯೋದ್ರೊಳಗೆ ಯಾವಾಗ ಆದ್ರೂ ಸರಿ. ನೀನು ಬಂದು ಪಕ್ಕದಲ್ಲಿ ನಿಂತ್ರೇನೇ ನಾನು ಸಹಿ ಹಾಕೋದು. ಅವಳಿಗೂ ಹೇಳಿಬಿಟ್ಟಿದ್ದೀನಿ.”

“ನೋಡೋಣ ಅಪ್ಪ. ರಜೆ ಕೇಳ್ತೀನಿ,” ಎಂದು ಸೊಸೆ ಫೋನು ಇಟ್ಟಳು.

ಆ ‘ನೋಡೋಣ’ ಅತ್ತೆಯ ಕಿವಿಗೆ ಬಿತ್ತು. ಅತ್ತೆಯ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಅವರು ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ಅರ್ಧ ವಿಳಾಸ ಬರೆದ ಲಕೋಟೆ ಕಂಡರೆ ಅವರಿಗೆ ಮೈಯೆಲ್ಲ ಕಸಿವಿಸಿ; ಗಿರಾಕಿಯ ಕೈಯಿಂದ ಪೆನ್ನು ಕಿತ್ತುಕೊಂಡು ಬೀದಿ, ಮನೆ ನಂಬರು, ಅಂಚೆ ಸಂಖ್ಯೆ ಎಲ್ಲ ತಾವೇ ತುಂಬಿ ಕಳಿಸುತ್ತಿದ್ದರು. ಖಾಲಿ ಜಾಗವೆಂಬುದು ಅವರಿಗೆ ಆಗದು. ಮಾತಿನಲ್ಲೂ ಅಷ್ಟೆ.

“ಏನದು ನೋಡೋಣ? ಅಪ್ಪ ಬಾಯಿಬಿಟ್ಟು ಕರೀತಿದ್ದಾರೆ.”

“ಕ್ಲಿನಿಕ್ಕಲ್ಲಿ ರಜೆ ಕಷ್ಟ ಅತ್ತೆ.”

“ನಾಯಿಗೆ ಸ್ನಾನ ಮಾಡಿಸೋ ಕೆಲಸಕ್ಕೆ ಅದೆಂಥ ರಜೆ ಕಷ್ಟ? ನಾಲ್ಕು ದಿನ ಸ್ನಾನ ಇಲ್ದಿದ್ರೆ ನಾಯಿಗಳು ಬೇಜಾರು ಮಾಡ್ಕೋತವಾ?”

“ಸೂಪು ಆರ್ತಾ ಇದೆ,” ಎಂದರು ಮಾವ.

“ಆರ್ಲಿ. ಹೆತ್ತ ತಾಯಿ ಮಣ್ಣಿಗೇ ಹೋಗದವಳು ಅಪ್ಪನ ಮದುವೆಗೆ ಹೋಗ್ತಾಳಾ? ನಂದೇ ತಪ್ಪು, ಕೇಳಿದ್ದು.”

ಸೊಸೆ ಚಮಚ ಕೆಳಗಿಟ್ಟಳು. ಎದ್ದು ತಟ್ಟೆಯನ್ನು ತೊಳೆಯುವ ತೊಟ್ಟಿಗೆ ಹಾಕಿ, ಕೋಟು ಹಾಕಿಕೊಂಡು ಹೊರಗೆ ಹೋದಳು. ಆರು ವರ್ಷದಿಂದ ಅತ್ತೆ ಈ ಮಾತನ್ನು ಸುತ್ತಿಬಳಸಿ ಆಡುತ್ತಿದ್ದರು. ಇಷ್ಟು ನೇರವಾಗಿ ಮೇಜಿನ ಮೇಲೆ ಇಟ್ಟದ್ದು ಇದೇ ಮೊದಲು.

ಮಗ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ಅವನು ಗುಬ್ಬಿಯನ್ನು ಆಟಕ್ಕೆ ಕಳಿಸಿ ಅಡುಗೆಮನೆಯ ಬಾಗಿಲು ಹಾಕಿದ.

“ಅಮ್ಮಾ, ಅವಳು ಹೋಗ್ಲಿಲ್ಲ ಅಂತಲ್ಲ. ಹೋಗೋ ಹಾಗಿರ್ಲಿಲ್ಲ. ಆ ದೇಶದಲ್ಲಿ ಇಳಿದ ತಕ್ಷಣ ಹಿಡೀತಾರೆ ಅವಳನ್ನ.”

“ಹಿಡಿಯೋಕೆ ಅವಳೇನು ಕೊಲೆ ಮಾಡಿದ್ದಾಳಾ?”

“ಓದಿದ್ದಾಳೆ. ಪಶುವೈದ್ಯಕೀಯ ಓದೋಕೆ ಸರ್ಕಾರದಿಂದ ಸಾಲ ತಗೊಂಡಿದ್ದಾಳೆ. ಅಲ್ಲೇ ಇದ್ದು ತೀರಿಸಿದ್ರೆ ಬಡ್ಡಿ ಇಲ್ಲ. ದೇಶ ಬಿಟ್ಟವರಿಗೆ ಬಡ್ಡಿ. ಕಂತು ತಪ್ಪಿದ್ರೆ ದಂಡ, ಆ ದಂಡಕ್ಕೂ ಬಡ್ಡಿ. ಇಲ್ಲಿಗೆ ಬಂದ ಮೇಲೂ ಕಟ್ತಾ ಇದ್ಲು. ಗುಬ್ಬಿ ಹುಟ್ಟಿದಾಗ ಸಂಬಳ ಇಲ್ದೆ ಕೈ ಕಟ್ಟಿಹೋಯ್ತು, ನಿಲ್ಲಿಸಿದ್ಲು. ಆಮೇಲೆ ಸಾಲ ಎರಡರಷ್ಟಾಯ್ತು. ಅವಳಮ್ಮ ಹೋದಾಗ ಟಿಕೆಟ್ಟು ತಗೊಳೋಕೆ ಅಂತ ಕೂತಿದ್ಲು. ಯಾರೋ ಜೊತೇಲಿ ಓದಿದವಳು, ಸಾಲ ಬಾಕಿ ಇದ್ರೆ ವಿಮಾನ ನಿಲ್ದಾಣದಲ್ಲೇ ತಡೀತಾರೆ, ಪೊಲೀಸ್ರಿಗೆ ಕೊಡ್ತಾರೆ ಅಂದ್ಲು. ಗುಬ್ಬಿ ಮೂರು ವರ್ಷದ ಮಗು ಆಗ.”

ಅತ್ತೆ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತೇ ಇದ್ದರು. “ಅವರಪ್ಪನಿಗೆ ಗೊತ್ತಾ?”

“ಇಲ್ಲ. ಗೊತ್ತಾದ್ರೆ ಮನೆ ಮಾರಿಯಾದ್ರೂ ಕಟ್ತಾರೆ ಅಂತ ಹೇಳಿಲ್ಲ. ಎಲ್ಲೂ ನಮ್ಮನೆ ವಿಳಾಸ ಕೊಡಲ್ಲ ಅವಳು. ಅಪ್ಪನ ಕಾಗದ ಕೂಡ ಕ್ಲಿನಿಕ್ಕಿಗೇ ಬರೋದು, ಗಮನಿಸಿಲ್ವಾ?”

“ರೀ, ಕೇಳಿದ್ರಾ?” ಎಂದು ಅತ್ತೆ ಗಂಡನ ಕಡೆ ತಿರುಗಿದರು.

ಮಾವ ಪಾತ್ರೆ ಉಜ್ಜುವುದರಲ್ಲಿ ಮುಳುಗಿಹೋಗಿದ್ದರು. “ನಂಗೆ ಗೊತ್ತಿತ್ತು,” ಎಂದರು ಪಾತ್ರೆಗೆ.

“ಏನು?”

“ಹಿಂದೆ ಒಂದ್ಸಲ ಹೇಳಿದ್ಲು. ಆಲೂಗಡ್ಡೆ ಸುಲೀತಾ.”

“ಅಂದ್ರೆ ಮನೆಗೆಲ್ಲ ಗೊತ್ತು. ನನ್ನೊಬ್ಬಳನ್ನ ಬಿಟ್ಟು.”

“ನಿಂಗೆ ಹೇಳಿದ್ರೆ ಅದು ಅಂಚೆಗೆ ಹಾಕಿದ ಹಾಗೆ ಅಂತ...” ಎಂದು ಶುರುಮಾಡಿದ ಮಾವ ಹೆಂಡತಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಆ ಸಂಜೆ ಸೊಸೆ ವಾಪಸು ಬಂದಾಗ ಅತ್ತೆ ಏನೂ ಕೇಳಲಿಲ್ಲ. ತಪ್ಪಾಯ್ತು ಎನ್ನುವುದು ಅವರ ಬಾಯಿಗೆ ಬರುವ ಮಾತಲ್ಲ. ಮರುದಿನ ಬೆಳಿಗ್ಗೆ ಹುರಿದ ಮೊಟ್ಟೆಗಳಲ್ಲಿ ಹಳದಿ ಒಡೆಯದೆ ಉಳಿದದ್ದನ್ನು ಸೊಸೆಯ ತಟ್ಟೆಗೆ ಹಾಕಿದರು. ಅದಾದ ಮರುದಿನವೂ ಹಾಕಿದರು. ಯಾವಾಗಲೂ ಅದು ಗುಬ್ಬಿಯ ಪಾಲಿನ ಮೊಟ್ಟೆ. ಹುಡುಗಿ ಮುಖ ಊದಿಸಿಕೊಂಡು ಸ್ಕೂಲಿಗೆ ಹೋದಳು. ಸೊಸೆಗೆ ಇದೆಲ್ಲ ಕಾಣದೆ ಇಲ್ಲ. ಆದರೆ ಒಂದು ಮೊಟ್ಟೆಗೆ ಕರಗುವಷ್ಟು ಸಣ್ಣ ನೋವಾಗಿರಲಿಲ್ಲ ಅದು.

ಮೂರನೆಯ ದಿನ ಅತ್ತೆ ಒಳ್ಳೆಯ ಕೋಟು ಹಾಕಿಕೊಂಡು ತಮ್ಮ ಹಳೆಯ ಅಂಚೆ ಕಚೇರಿಗೆ ಹೋದರು. ಬಟ್ಟೆ ಒಗೆಯುವ ಯಂತ್ರ ವರ್ಷದಿಂದ ಸೋರುತ್ತಿತ್ತು. ಹೊಸದು ತರಲೆಂದು ಪಿಂಚಣಿಯಲ್ಲಿ ಉಳಿಸಿದ ಹಣ ಅವರ ಚೀಲದಲ್ಲಿತ್ತು. ಅವರ ಕೈಕೆಳಗೆ ಕೆಲಸ ಕಲಿತವಳೇ ಈಗ ಕೌಂಟರಿನಲ್ಲಿ ಕೂತಿದ್ದಳು. ಆ ದೇಶದ ಸಾಲ ವಸೂಲಿ ಇಲಾಖೆಗೆ ಹಣ ಕಳಿಸಬೇಕು ಎಂದಾಗ ಅವಳು ಹುಡುಕಿ ಒಂದು ಪಾವತಿ ಚೀಟಿ ಕೊಟ್ಟಳು.

“ಸಾಲಗಾರರ ಹೆಸರು, ಹುಟ್ಟಿದ ದಿನ ಇದ್ರೆ ಸಾಕು ಮೇಡಂ. ಉಳಿದದ್ದು ಬೇಕಾದ್ರೆ ತುಂಬಿ, ಇಲ್ದಿದ್ರೆ ಬಿಡಿ.”

“ಬಿಡಿ ಅಂದ್ರೆ ಏನು? ಇದನ್ನೇನಾ ನಾನು ನಿಂಗೆ ಕಲಿಸಿದ್ದು?” ಎಂದು ಅತ್ತೆ ಕನ್ನಡಕ ಏರಿಸಿದರು.

ಒಂದೂ ಬಿಡಲಿಲ್ಲ. ಸೊಸೆ ಈಗಿರುವ ವಿಳಾಸ, ಮನೆ ನಂಬರು, ಮಹಡಿ, ಫೋನು, ಕೆಲಸ ಮಾಡುವ ಜಾಗ, ಅಲ್ಲಿಯ ವಿಳಾಸ. ಕೊನೆಗೆ ‘ಷರಾ’ ಎಂದು ಎರಡು ಗೆರೆ ಜಾಗವಿತ್ತು. ಅಲ್ಲೂ ಮುತ್ತಿನಂಥ ಅಕ್ಷರದಲ್ಲಿ ಬರೆದರು. ಮನೆಗೆ ಬರುವಾಗ ದಾರಿಯುದ್ದಕ್ಕೂ ಅವರ ಎದೆ ಹಗುರವಾಗಿತ್ತು. ಹಣ ಕೊಟ್ಟವರ ಮೇಲೆ ಯಾವ ಸರ್ಕಾರವೂ ಅಷ್ಟು ಗಡುಸಾಗಿರುವುದಿಲ್ಲ, ಒಂದು ದಿನ ಸಿಹಿಸುದ್ದಿ ತಾನಾಗಿ ಬರುತ್ತದೆ, ಆಗ ಎಲ್ಲರಿಗೂ ಹೇಳೋಣ ಎಂದು ಬಾಯಿಗೆ ಬೀಗ ಹಾಕಿಕೊಂಡರು. ಅವರ ಬಾಯಿಗೆ ಬೀಗ ಬಿದ್ದದ್ದೇ ಒಂದು ಅಪಶಕುನ ಎಂದು ಮಾವನಿಗಾದರೂ ಹೊಳೆಯಬೇಕಿತ್ತು.

ಮೂರು ವಾರ ಕಳೆದ ಮೇಲೆ ಬಾಗಿಲ ಗಂಟೆಯ ಸದ್ದಾಯಿತು. ಅತ್ತೆಯೇ ಬಾಗಿಲು ತೆಗೆದರು. ಅಚ್ಚುಕಟ್ಟಾಗಿ ಬಟ್ಟೆ ಹಾಕಿದ್ದ ಒಬ್ಬ ನಿಂತಿದ್ದ. ಕಂಕುಳಲ್ಲಿ ಒಂದು ಫೈಲು.

“ಮೂರನೇ ಮಹಡಿ, ಎಡಗಡೆ ಬಾಗಿಲು. ಇದೇ ಅಲ್ವಾ?”

“ಇದೇ.”

“ನಿಮ್ಮ ವಿಳಾಸ ತುಂಬಾ ಸ್ಪಷ್ಟವಾಗಿತ್ತು. ಸಾಮಾನ್ಯವಾಗಿ ನಾವು ಅಲೆದು ಅಲೆದು ಸಾಯ್ತೀವಿ.”

ಅತ್ತೆಗೆ ಹೆಮ್ಮೆಯಾಯಿತು. ಒಳಗೆ ಕರೆದು ಕಾಫಿ ಕೊಟ್ಟರು, ಬಿಸ್ಕತ್ತು ಇಟ್ಟರು. ಅವನು ಎರಡನೆಯ ಬಿಸ್ಕತ್ತು ತಿನ್ನುತ್ತಿರುವಾಗ ಸೊಸೆ ಕೆಲಸದಿಂದ ಬಂದಳು, ಮೈಯೆಲ್ಲ ನಾಯಿ ಸೋಪಿನ ವಾಸನೆ. ಅವನು ಎದ್ದು ನಿಂತು ತಾನು ಯಾರೆಂದು ಹೇಳಿದ. ಆ ದೇಶದ ಸರ್ಕಾರ ಹೊರಗಿರುವ ಸಾಲಗಾರರನ್ನು ಹುಡುಕಿ ವಸೂಲಿ ಮಾಡಲು ಇಲ್ಲಿಯ ಒಂದು ಕಂಪನಿಗೆ ಗುತ್ತಿಗೆ ಕೊಟ್ಟಿತ್ತು; ಇವನು ಆ ಕಂಪನಿಯವನು. ಮೆಲುದನಿಯಲ್ಲಿ ಒಟ್ಟು ಬಾಕಿ ಎಷ್ಟೆಂದು ಹೇಳಿದ.

“ನೀವು ಸ್ಪಂದಿಸದಿದ್ರೆ ಇಲ್ಲಿನ ಕೋರ್ಟಿಗೆ ಹೋಗ್ಬಹುದು. ಸಂಬಳದಿಂದ ಹಿಡಿಯೋಕೆ ಆದೇಶ ತರಬಹುದು. ಆದ್ರೆ ಅದಕ್ಕೆ ಮುಂಚೆ ಇಲಾಖೆಗೆ ನೀವೇ ಫೋನ್ ಮಾಡಿ. ಈ ತಿಂಗಳ ಕೊನೇವರೆಗೂ ಏನೋ ರಿಯಾಯಿತಿ ಇದೆ.” ಒಂದು ಫೋನ್ ನಂಬರು ಕೊಟ್ಟ.

“ನಾನು ಇಲ್ಲಿದ್ದೀನಿ ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ನಿಮ್ಮ ಕಡೆಯಿಂದ್ಲೇ ಹಣ ಬಂತಲ್ಲ ಮೇಡಂ. ಎಲ್ಲಾ ವಿವರ ಇತ್ತು. ಷರಾ ಕೂಡ.” ಅವನು ಫೈಲು ತೆರೆದು ಓದಿದ: “‘ಹುಡುಗಿ ತುಂಬಾ ಒಳ್ಳೆಯವಳು. ಕೆಲಸದಲ್ಲಿ ಒಂದು ದಿನವೂ ತಪ್ಪಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಕ್ಲಿನಿಕ್ಕಿನಲ್ಲಿ ಸಿಗುತ್ತಾಳೆ. ದಯವಿಟ್ಟು ಗದರಬಾರದು.’”

ಅವನಿಗೇ ಮುಜುಗರವಾಗಿ ಕಾಫಿ ಅರ್ಧಕ್ಕೆ ಬಿಟ್ಟು ಹೋದ.

“ಅತ್ತೆ, ನೀವಾ?”

“ನಾನು... ಒಳ್ಳೇದಾಗ್ಲಿ ಅಂತ...”

“ಇಷ್ಟು ವರ್ಷ ಒಂದು ಇಡೀ ಸರ್ಕಾರಕ್ಕೆ ನಾನು ಸಿಕ್ಕಿರ್ಲಿಲ್ಲ. ನೀವು ಒಂದು ಮಧ್ಯಾಹ್ನದಲ್ಲಿ ಹಿಡ್ಕೊಟ್ರಿ. ಯಾವಾಗ ಎಲ್ಲಿ ಸಿಗ್ತೀನಿ ಅಂತಾನೂ ಬರೆದ್ರಿ!”

“ಜಾಗ ಇತ್ತು. ಖಾಲಿ ಬಿಡೋಕೆ ನಂಗೆ ಬರಲ್ಲ ಕಣಮ್ಮ.”

“ನನ್ನ ಜೀವನ ಅಂಚೆ ಕಚೇರಿ ಚೀಟಿ ಅಲ್ಲ!”

ಗುಬ್ಬಿ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ಅಮ್ಮ ಕೂಗಿದ್ದನ್ನು ಅವಳು ಅದುವರೆಗೂ ಕೇಳಿರಲಿಲ್ಲ. ರಾತ್ರಿ ಊಟಕ್ಕೆ ಮಗನೂ ಬಂದು ಸೇರಿದ ಮೇಲೆ ಇನ್ನೊಂದು ಸುತ್ತು ಜಗಳವಾಯಿತು. ಮಗ ಅಮ್ಮನಿಗೆ, “ಯಾರನ್ನಾದ್ರೂ ಒಂದು ಮಾತು ಕೇಳ್ಬಾರ್ದಾಗಿತ್ತಾ?” ಎಂದ. ಅಮ್ಮ ಮಗನಿಗೆ, “ಆರು ವರ್ಷ ನೀವು ನನ್ನನ್ನ ಒಂದು ಮಾತು ಕೇಳಿದ್ರಾ?” ಎಂದರು. ಎರಡೂ ನ್ಯಾಯವಾದ ಮಾತೇ. ನ್ಯಾಯವಾದ ಮಾತುಗಳಿಂದಲೇ ಮನೆಗಳು ಹೆಚ್ಚು ಕೆಡುವುದು.

ಮುಂದಿನ ದಿನಗಳಲ್ಲಿ ಸೊಸೆ ತಟ್ಟೆಯನ್ನು ಕೋಣೆಗೆ ಒಯ್ದು ಉಣ್ಣತೊಡಗಿದಳು. ಆ ಫೋನ್ ನಂಬರಿಗೆ ಕರೆ ಮಾಡಲಿಲ್ಲ. ಇದರ ನಡುವೆ ಬಟ್ಟೆ ಯಂತ್ರ ಒಮ್ಮೆ ಜೋರಾಗಿ ನಡುಗಿ, ಸ್ನಾನದ ಮನೆಯ ತುಂಬ ನೀರು ಬಿಟ್ಟು, ಶಾಶ್ವತವಾಗಿ ನಿಂತುಹೋಯಿತು. ಶನಿವಾರ ಬೆಳಿಗ್ಗೆ ಸೊಸೆ ನೋಡಿದಾಗ ಅತ್ತೆ ಸ್ನಾನದ ತೊಟ್ಟಿಯ ಪಕ್ಕ ಮೊಣಕಾಲೂರಿ, ಹಾಸಿಗೆಯ ದುಪ್ಪಟಿಯನ್ನು ಒಬ್ಬರೇ ಹಿಂಡಲು ಹೆಣಗುತ್ತಿದ್ದರು. ಒಂದು ತುದಿ ಹಿಂಡಿದರೆ ಇನ್ನೊಂದು ತುದಿ ನೀರಿಗೆ ಬೀಳುತ್ತಿತ್ತು.

ಸೊಸೆ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತೋಳು ಮಡಚಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಎದುರುಬದುರು ನಿಂತು ತಿರುಚಿದರು.

“ಹೊಸದು ತರ್ತೀನಿ ಅಂತಿದ್ರಲ್ಲ.”

“ದುಡ್ಡೆಲ್ಲಿದೆ?”

“ಎಲ್ಲಿ ಹೋಯ್ತು?”

“ನಿಮ್ಮ ಸರ್ಕಾರ ತಿಂತು.”

ಸೊಸೆಯ ಕೈ ನಿಂತಿತು. ಆ ಹಣ ಎಲ್ಲಿಂದ ಬಂತೆಂದು ಸಿಟ್ಟಿನಲ್ಲಿ ಅವಳು ಯೋಚಿಸಿಯೇ ಇರಲಿಲ್ಲ. ಅತ್ತೆ ಮುಖ ಎತ್ತದೆ, “ನಾನು ಆವತ್ತು ಸೂಪಿನ ಮುಂದೆ ಆಡಿದ ಮಾತು ಆಡ್ಬಾರದಾಗಿತ್ತು. ನಂಗೆ ಗೊತ್ತಿರ್ಲಿಲ್ಲ. ಗೊತ್ತಿಲ್ದಿದ್ರೂ ಆಡ್ಬಾರದಾಗಿತ್ತು,” ಎಂದರು. “ಗಟ್ಟಿಯಾಗಿ ತಿರುಚು, ನೀರು ಹಾಗೇ ಇದೆ.”

ಮಾವ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಅರ್ಧ ಸುಲಿದ ಆಲೂಗಡ್ಡೆ. “ನಾನೊಂದು ಹೇಳ್ಲಾ? ಟ್ರಾಮಿನಲ್ಲಿ ಟಿಕೆಟ್ಟಿಲ್ದೆ ಕೂತವರು ನಾನು ಹತ್ತಿರ ಬರೋವರೆಗೂ ಬೆವರೋರು. ಹಿಡಿದ ಮೇಲೆ ಆರಾಮಾಗಿ ಮಾತಾಡೋರು. ಈಗ ಸಿಕ್ಕಿಬಿದ್ದಾಯ್ತಲ್ಲ ಮಗಳೇ, ಇನ್ನೇನು ಹೆದರಿಕೆ? ಫೋನ್ ಮಾಡು.”

ಸೋಮವಾರ ಬೆಳಿಗ್ಗೆ, ಆ ದೇಶದಲ್ಲಿ ಕಚೇರಿ ಮುಚ್ಚುವುದಕ್ಕೆ ಮುಂಚೆ, ಸೊಸೆ ಅಡುಗೆಮನೆಯಲ್ಲಿ ಕೂತು ಫೋನು ಮಾಡಿದಳು. ಎಲ್ಲರಿಗೂ ಕೇಳಲೆಂದು ಮಾವ ಫೋನನ್ನು ಜೋರು ದನಿಗೆ ಹಾಕಿ ಉಪ್ಪಿನ ಡಬ್ಬಿಗೆ ಒರಗಿಸಿದರು. ಅತ್ತೆ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತು, ಆಗಲೇ ಕುದಿದ ಹಾಲನ್ನು ಮತ್ತೆ ಕುದಿಸುತ್ತಿದ್ದರು. ಆ ಕಡೆ ಒಬ್ಬ ಹೆಂಗಸು ಮಾತಾಡಿದಳು, ಶೀತವಾದ ಗಂಟಲು.

“ಹ್ಞಾಂ, ನಿಮ್ಮ ಖಾತೆ ಇಲ್ಲಿದೆ. ನೀವು ಪುಣ್ಯವಂತರು ನೋಡಿ. ನಾವು ಹುಡುಕೋಕೆ ಮೊದಲೇ ತಾವಾಗಿ ಹಣ ಕಟ್ಟಿದವರಿಗೆ ಈ ಸಲ ದಂಡ ಪೂರ್ತಿ ಮನ್ನಾ. ನಿಮ್ಮ ಹೆಸರಲ್ಲಿ ಹಣ ಮೊದಲು ಬಂದಿದೆ, ನಮ್ಮ ನೋಟಿಸು ಆಮೇಲೆ ಹೋಗಿದೆ. ಹಾಗಾಗಿ ದಂಡ ಬಿಟ್ಟು ಅಸಲು, ಬಡ್ಡಿ ಅಷ್ಟೇ ಉಳಿಯುತ್ತೆ.”

“ನಾನು ಕಟ್ಟಿದ್ದಲ್ಲ. ನಮ್ಮ ಅತ್ತೆ.”

“ಯಾರು ಕಟ್ಟಿದ್ರೂ ನಡೆಯುತ್ತೆ. ವಿಳಾಸ ಪೂರ್ತಿ ಇರ್ಬೇಕು ಅಂತ ನಿಯಮ. ಪೂರ್ತಿ ಇದೆ.”

ಒಲೆಯ ಕಡೆಯಿಂದ ಒಂದು ಸಣ್ಣ ಕೆಮ್ಮು ಕೇಳಿಸಿತು.

“ಕಂತು ಮಾಡಿಕೊಡ್ತೀನಿ. ಎರಡು ಕಂತು ಬಂದ ಮೇಲೆ ನಿಮ್ಮ ಮೇಲಿರೋ ಗಡಿ ತಡೆ ತೆಗೀತೀವಿ. ಆಮೇಲೆ ನೀವು ಬರಬಹುದು, ಹೋಗಬಹುದು.”

ಸೊಸೆ ಕಣ್ಣು ಒರೆಸಿಕೊಂಡಳು. ಫೋನು ಇಡಬೇಕು ಎನ್ನುವಾಗ ಅವಳಿಗೆ ಏನೋ ತೋಚಿತು. “ಆ ತಡೆ ಯಾವಾಗಿನಿಂದ ಇದೆ?”

ಕೀಲಿಗಳನ್ನು ಒತ್ತುವ ಸದ್ದು. “ಎರಡು ವರ್ಷದಿಂದ.”

“ಅದಕ್ಕೆ ಮುಂಚೆ? ಆರು ವರ್ಷದ ಹಿಂದೆ?”

“ಆಗ ಆ ಕಾನೂನೇ ಇರ್ಲಿಲ್ಲ ಮೇಡಂ. ಬಂದಿದ್ರೆ ಯಾರೂ ಕೇಳ್ತಿರ್ಲಿಲ್ಲ.”

ಅಧಿಕಾರಿಣಿಗೆ ಅದು ಬರೀ ಒಂದು ತಾರೀಕು. ಈ ಕಡೆ ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು, ಯಾರೂ ಆರಿಸಲಿಲ್ಲ. ಮಾವ ಧನ್ಯವಾದ ಹೇಳಿ ಫೋನು ಇಟ್ಟರು.

“ಹೋಗ್ಬಹುದಾಗಿತ್ತು,” ಎಂದಳು ಸೊಸೆ. “ನಾನು ಹೋಗ್ಬಹುದಾಗಿತ್ತು ಅತ್ತೆ. ಟಿಕೆಟ್ಟು ತಗೊಳೋದೊಂದೇ ಬಾಕಿ ಇತ್ತು.”

ಅತ್ತೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. ಸೊಸೆಯ ತಲೆಯನ್ನು ಭುಜಕ್ಕೆ ಒತ್ತಿಕೊಂಡರು. ಸೊಸೆ ಜೋರಾಗಿ ಅತ್ತಳು. ತಾಯಿ ಸತ್ತ ದಿನ ಕ್ಲಿನಿಕ್ಕಿನಲ್ಲಿ ನಾಯಿಗಳಿಗೆ ಸೋಪು ಹಚ್ಚುತ್ತ ನುಂಗಿಕೊಂಡಿದ್ದ ಅಳು ಅದು. ಯಾರದೋ ಒಂದು ಗಾಳಿಮಾತಿಗೆ ಹೆದರಿ ಕಳೆದುಕೊಂಡದ್ದನ್ನು ಯಾವ ರಿಯಾಯಿತಿಯೂ ತಂದುಕೊಡದು. ಅದು ಹೋದದ್ದು ಹೋಯಿತು. ಮಾವ ಒಲೆ ಆರಿಸಿ, ಉಕ್ಕಿದ ಹಾಲು ಒರೆಸಿ, ಮೂವರಿಗೂ ಕಾಫಿ ಮಾಡಿದರು.

ಸಂಜೆ ಸೊಸೆ ಅಪ್ಪನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು. ಪರದೆಯ ತುಂಬ ಇದ್ದ ಮೂಗು ಬಹಳ ಹೊತ್ತು ಅಲುಗಲಿಲ್ಲ.

“ರಜೆ ಕೊಡ್ಲಿಲ್ಲ ಅಂತ ಆ ಕ್ಲಿನಿಕ್ಕಿನವರನ್ನ ಆರು ವರ್ಷದಿಂದ ಬೈತಿದ್ದೀನಲ್ಲೇ! ಪಾಪ, ಅವರಿಗೆಲ್ಲ ನನ್ನ ಶಾಪ ತಟ್ಟಿರುತ್ತೆ.” ಆಮೇಲೆ ಮೆತ್ತಗೆ, “ನಿಮ್ಮಮ್ಮ ನಿನ್ನ ಮೇಲೆ ಯಾವತ್ತೂ ಕೋಪ ಮಾಡ್ಕೊಂಡವಳಲ್ಲ. ಈಗ ಬರ್ತೀಯಲ್ಲ, ಅಷ್ಟು ಸಾಕು,” ಎಂದರು. ಟಿಕೆಟ್ಟಿನ ಖರ್ಚು ತಮ್ಮದು ಎಂದರು. ಮದುವೆಯ ಊಟಕ್ಕೆ ಕರೆಯಬೇಕಿದ್ದವರಲ್ಲಿ ಅರ್ಧ ಜನ ಹೇಗೂ ಅವರಿಗೆ ಇಷ್ಟವಿಲ್ಲದವರಂತೆ, ಅವರನ್ನು ಬಿಟ್ಟರಾಯಿತು.

ಕಂತಿನ ವಿಷಯಕ್ಕೆ ಮನೆಯಲ್ಲಿ ಮತ್ತೆ ಜಗಳವಾಯಿತು, ಆದರೆ ಇದು ಬೇರೆ ತರಹದ ಜಗಳ. ಸೊಸೆ, “ನನ್ನ ಸಾಲ, ನನ್ನ ಸಂಬಳದಲ್ಲೇ ಕಟ್ತೀನಿ,” ಎಂದಳು. ಮಗ, ವಾರಾಂತ್ಯದಲ್ಲಿ ಆಸ್ಪತ್ರೆಯ ಲಿಫ್ಟುಗಳ ಪಾಳಿ ಹಿಡಿಯುತ್ತೇನೆ ಎಂದ. ಮಾವ ಮಾಂಸದ ದಿನಗಳನ್ನು ಕಡಿಮೆ ಮಾಡಿ ಬಟಾಣಿಯ ದಿನಗಳನ್ನು ಹೆಚ್ಚು ಮಾಡುವುದಾಗಿ ಘೋಷಿಸಿದರು.

“ಮತ್ತೆ ಬಟಾಣೀನಾ!” ಎಂದಳು ಗುಬ್ಬಿ.

“ಅಜ್ಜನ ಮದುವೇಲಿ ಕುಣೀಬೇಕಾ, ಬೇಡ್ವಾ?”

“ಬೇಕು.”

“ಹಾಗಾದ್ರೆ ತಿನ್ನು.”

ಬಟ್ಟೆಯನ್ನು ಅತ್ತೆ ಸೊಸೆ ಇಬ್ಬರೂ ಪ್ರತಿ ಶನಿವಾರ ಕೈಯಲ್ಲೇ ಒಗೆಯುತ್ತಿದ್ದರು. ದುಪ್ಪಟಿ ಹಿಂಡುವಾಗ ಬಾಯಿಗೆ ಬಿಡುವು ಇರುತ್ತದೆಯಲ್ಲ, ಒಂದು ಶನಿವಾರ ಅತ್ತೆ ಕೇಳಿದರು: “ಅಷ್ಟು ಓದಿದವಳು ನೀನು. ಇಲ್ಲಿ ಡಾಕ್ಟ್ರ ಕೆಲಸಕ್ಕೆ ಯಾಕೆ ಹಾಕ್ಲಿಲ್ಲ?”

“ಇಲ್ಲಿನ ಪರೀಕ್ಷೆ ಬರೀಬೇಕು. ಅದಕ್ಕೆ ನಮ್ಮ ಕಾಲೇಜಿಂದ ದಾಖಲೆ ತರಿಸ್ಬೇಕು. ತರಿಸಿದ್ರೆ ನಾನೆಲ್ಲಿದ್ದೀನಿ ಅಂತ ಗೊತ್ತಾಗುತ್ತೆ ಅಂತ...”

ಅತ್ತೆ ದುಪ್ಪಟಿಯನ್ನು ತೊಟ್ಟಿಗೆ ಬಿಟ್ಟರು. “ಅಂದ್ರೆ ಆ ಹೆದರಿಕೆಗೇ ಇಷ್ಟು ವರ್ಷ ನಾಯಿ ತೊಳೆದ್ಯಾ? ಈಗ ಗೊತ್ತಾಯ್ತಲ್ಲ ನೀನೆಲ್ಲಿದ್ದೀ ಅಂತ! ಬರಿ ಇವತ್ತೇ. ಕವರು ನಾನು ಬರೀತೀನಿ.”

“ಷರಾ ಬರೀಬಾರ್ದು,” ಎಂದಳು ಸೊಸೆ. ಇಬ್ಬರಿಗೂ ನಗು ಬಂತು. ಅತ್ತೆಗಂತೂ ನಕ್ಕು ನಕ್ಕು ತೊಟ್ಟಿಯ ಅಂಚಿನಲ್ಲೇ ಕೂರಬೇಕಾಯಿತು.

ಎರಡನೆಯ ಕಂತು ಕಟ್ಟಿದ ವಾರದಲ್ಲಿ ತಡೆ ತೆಗೆದಿದ್ದೇವೆ ಎಂದು ಇಲಾಖೆಯಿಂದ ಸಂದೇಶ ಬಂತು. ಅದೇ ಬೇಸಿಗೆಯ ಕೊನೆಯಲ್ಲಿ ಸೊಸೆ, ಗುಬ್ಬಿ, ಅತ್ತೆ ಮೂವರೂ ಹೊರಟರು. ಬೀಗರು ಕಳಿಸಿದ್ದು ಮೂರು ಟಿಕೆಟ್ಟಿನ ಹಣ. ಮಗನಿಗೆ ಪಾಳಿಯಿತ್ತು, ಮಾವ “ನಾನು ಹೋದ್ರೆ ಇವನಿಗೆ ಬೇಯಿಸಿ ಹಾಕೋರ್ಯಾರು?” ಎಂದು ಹಿಂದೆ ಸರಿದರು. ಅತ್ತೆ ಮಾತ್ರ ಯಾರೂ ಕರೆಯುವ ಮೊದಲೇ ಪೆಟ್ಟಿಗೆ ತುಂಬಿಯಾಗಿತ್ತು.

“ನಿಮ್ಮಮ್ಮನನ್ನ ಮಣ್ಣು ಮಾಡಿದ ಜಾಗ ಇದ್ಯಲ್ಲ, ಅಲ್ಲಿಗೆ ನನ್ನನ್ನ ಕರ್ಕೊಂಡು ಹೋಗ್ಬೇಕು. ಆ ಬೀಗಿತ್ತಿಗೆ ನಾನು ಒಂದು ಮಾತು ಹೇಳೋದಿದೆ. ಅವರ ಮಗಳನ್ನ ಆರು ವರ್ಷ ಅಂದಿದ್ದೀನಿ,” ಎಂದಿದ್ದರು ಸೊಸೆಗೆ.

ವಿಮಾನ ಇಳಿದ ಮೇಲೆ ಉದ್ದನೆಯ ಸಾಲು. ಸಾಲು ಮುಂದೆ ಹೋದಂತೆ ಸೊಸೆಯ ಮುಖ ಬಿಳಿಚಿಕೊಳ್ಳುತ್ತಿತ್ತು. ಸಂದೇಶ ಬಂದಿದೆ, ತಡೆ ತೆಗೆದಿದ್ದಾರೆ, ಎಲ್ಲ ಗೊತ್ತು. ಆದರೂ ಅವಳ ಅಂಗೈ ಬೆವತು ಪಾಸ್‌ಪೋರ್ಟಿನ ರಟ್ಟು ಒದ್ದೆಯಾಗಿತ್ತು. ಅತ್ತೆ ಹಿಂದಿನಿಂದ ಅವಳ ಬೆನ್ನ ಮೇಲೆ ಕೈ ಇಟ್ಟರು, ತೆಗೆಯಲಿಲ್ಲ.

ಗಾಜಿನ ಹಿಂದಿನ ಅಧಿಕಾರಿ ಪಾಸ್‌ಪೋರ್ಟು ತೆಗೆದುಕೊಂಡ. ಪರದೆ ನೋಡಿದ. ಹುಬ್ಬು ಗಂಟಿಕ್ಕಿತು.

“ನಿಮ್ಮ ಹೆಸರಲ್ಲಿ ಓದಿನ ಸಾಲ ಬಾಕಿ ತೋರಿಸ್ತಿದೆ.”

“ಇದೆ,” ಎಂದಳು ಸೊಸೆ. “ಕಟ್ತಾ ಇದ್ದೀನಿ.”

ಅವನು ಇನ್ನಷ್ಟು ಓದಿದ. ಗುಬ್ಬಿ ಅಮ್ಮನ ಕೋಟು ಹಿಡಿದುಕೊಂಡಳು.

“ಹ್ಞೂಂ. ಕಂತು ಸರಿಯಾಗಿ ಬರ್ತಿದೆ. ತಡೆ ಇಲ್ಲ. ಬಂದ ಕಾರಣ?”

“ನಮ್ಮಪ್ಪನ ಮದುವೆ.”

ಅಧಿಕಾರಿ ಮೊದಲ ಬಾರಿಗೆ ತಲೆ ಎತ್ತಿ ಅವಳ ಮುಖ ನೋಡಿದ.

“ಅಮ್ಮನ್ನ ನೋಡೋದೂ ಇದೆ,” ಎಂದರು ಅತ್ತೆ, ಕಾರಣ ಅರ್ಧಕ್ಕೆ ಉಳಿಯಬಾರದೆಂದು.

“ಅಪ್ಪನ ಮದುವೆಗೆ... ಅಮ್ಮನ್ನ ನೋಡೋಕೆ?” ಅವನು ಇಬ್ಬರನ್ನೂ ಒಂದು ಕ್ಷಣ ನೋಡಿ, ಅದು ತನಗೆ ಸಂಬಂಧಿಸಿದ ಗೋಜಲಲ್ಲ ಎಂದು ಬಿಟ್ಟುಬಿಟ್ಟ. “ಸರಿ. ಖಾಯಂ ವಿಳಾಸ ಹೇಳಿ.”

ಇಷ್ಟು ವರ್ಷ ಈ ಪ್ರಶ್ನೆಗೆ ಸೊಸೆ ಕ್ಲಿನಿಕ್ಕಿನ ಹೆಸರು ಹೇಳಿದ್ದಳು, ಹಳೆಯ ಬಾಡಿಗೆ ಕೋಣೆಯ ನಂಬರು ಹೇಳಿದ್ದಳು, ಇಲ್ಲವೇ ಆ ಜಾಗವನ್ನು ಹಾಗೇ ಬಿಟ್ಟಿದ್ದಳು. ಬೆನ್ನ ಮೇಲೆ ಅತ್ತೆಯ ಕೈ ಇನ್ನೂ ಇತ್ತು. ಅವಳು ಹೇಳತೊಡಗಿದಳು, ಹಿಂದಿನ ಸಾಲಿನವರಿಗೂ ಕೇಳುವ ಹಾಗೆ. ಬೀದಿಯ ಹೆಸರು. ಕಟ್ಟಡದ ನಂಬರು. ಮೂರನೆಯ ಮಹಡಿ, ಎಡಗಡೆ ಬಾಗಿಲು. ಊರು. ಅತ್ತೆಯ ತುಟಿಗಳೂ ಅವಳ ಜೊತೆಯಲ್ಲೇ ಅಲುಗುತ್ತಿದ್ದವು. ಕೊನೆಗೆ ಅವರು ಬಾಯಿ ಹಾಕಬೇಕು ಎನ್ನುವಷ್ಟರಲ್ಲಿ ಅವಳೇ ಅಂಚೆ ಸಂಖ್ಯೆಯನ್ನೂ ಹೇಳಿ ಮುಗಿಸಿದಳು.

“ಒಂದೂ ಬಿಟ್ಟಿಲ್ಲ,” ಎಂದರು ಅತ್ತೆ ಅಧಿಕಾರಿಗೆ. “ನಮ್ಮನೆ ಹುಡುಗಿ.”

ಅವನು ಮುದ್ರೆ ಒತ್ತಿದ. ಗುಬ್ಬಿ ಆಗಲೇ ಬಾಗಿಲ ಕಡೆ ಓಡಿದ್ದಳು. ಗಾಜಿನಾಚೆ ಒಬ್ಬರು ಮುದುಕರು ತುದಿಗಾಲಲ್ಲಿ ನಿಂತು ಇಣುಕುತ್ತಿದ್ದರು. ಅವರ ಅಂಗಿಯ ಗುಂಡಿಗಳೆಲ್ಲ ಇದ್ದವು.